ಪಕ್ಷಾರ್ಥಕ ‘ಅರೆ’ ಮತ್ತು ಪೈಥಾನಿನ ಷರತ್ತು ವಾಕ್ಯ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಅನೇಕ ಕನ್ನಡಿಗರು ಮನೆಯಲ್ಲಿ ಕನ್ನಡವನ್ನೂ ಹೊರಗೆ ಮರಾಠಿಯನ್ನೂ ಬಳಸುವವರು. ಗಿಡೊ ವಾನ್ ರೋಸಮ್ 1991ರಲ್ಲಿ ಪ್ರಕಟಿಸಿದ ಪೈಥಾನ್ ಎಂಬ ಗಣಕ ಭಾಷೆಯ ಷರತ್ತು ವಾಕ್ಯವನ್ನು ಕಲಿಯಲು ಈ ಎರಡು ವ್ಯಾಕರಣಗಳೂ ನೆರವಾಗುತ್ತವೆಂಬುದು ನಮ್ಮ ಅಭಿಪ್ರಾಯ.

ಮರಾಠಿಯ ‘ಜರ್–ತರ್’ ಜೋಡಿಯಲ್ಲಿ ‘ಜರ್’ ಸಾಮಾನ್ಯವಾಗಿ ಷರತ್ತಿನ ಮೊದಲಲ್ಲಿ ಬರುತ್ತದೆ. ಪೈಥಾನಿನ ‘ಇಫ್’ ಪದದ ಸ್ಥಾನವೂ ಅದೇ. ಕನ್ನಡದ ಪಕ್ಷಾರ್ಥಕ ‘ಅರೆ’ ಪ್ರತ್ಯಯವಾದರೋ ಷರತ್ತಿನ ಕೊನೆಯಲ್ಲಿ ನಿಲ್ಲುತ್ತದೆ: ‘ವಯಸ್ಸು ಐದಕ್ಕಿಂತ ಕಡಿಮೆಯಿದ್ದರೆ’. ‘ಇಫ್ ವಯಸ್ಸು < 5:’ ಎಂಬಲ್ಲಿ ಆ ಸ್ಥಾನದಲ್ಲಿರುವುದು ಕೋಲನ್ ಚಿಹ್ನೆ. ಹೊಸಬರು ಮರೆಯುವ ಈ ಚಿಹ್ನೆಯನ್ನು ‘ಅರೆ’ ಎಂದೇ ಓದಿಕೊಂಡರೆ ಅದು ಬಿಟ್ಟುಹೋಗದು. ಮುಂದಿನ ಸಾಲನ್ನು ಒಳಸರಿಸಿ ಬರೆಯಬೇಕು.

ಷರತ್ತುಗಳ ಅನುಕ್ರಮ ಇನ್ನೂ ಮುಖ್ಯ. ಈ ಊರುಗಳ ಉಪನಗರ ರೈಲುಗಳಲ್ಲಿ 5 ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಬೇಡ. 5 ತುಂಬಿ 12 ತುಂಬದವರಿಗೆ ಅರ್ಧ ದರ. ‘ವಯಸ್ಸು < 12’ ಎಂಬುದನ್ನು ಮೊದಲು ಬರೆದರೆ ಮೂರು ವರ್ಷದ ಮಗುವಿಗೂ ಅರ್ಧ ದರ ಬೀಳುತ್ತದೆ. ಏಕೆಂದರೆ ಒಂದು ಷರತ್ತು ನಿಜವಾದೊಡನೆ ಗಣಕವು ಮುಂದಿನ ‘ಎಲಿಫ್’ ಸಾಲನ್ನು ಪರೀಕ್ಷಿಸುವುದಿಲ್ಲ. ಆದ್ದರಿಂದ ‘ಇಫ್’ನಲ್ಲಿ 5, ‘ಎಲಿಫ್’ನಲ್ಲಿ 12, ಪೂರ್ಣ ದರಕ್ಕೆ ‘ಎಲ್ಸ್’. ಮಾತಿನಲ್ಲಾದರೆ ಕೇಳುವವರು ಸಂದರ್ಭವನ್ನರಿತು ತಿದ್ದಿಕೊಳ್ಳುತ್ತಾರೆ. ಗಣಕವು ಬರೆದ ಕ್ರಮವನ್ನಷ್ಟೇ ಪಾಲಿಸುತ್ತದೆ.