ಮೆರವಣಿಗೆ ಮುಗಿದ ಮೇಲೆ

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ಐಟಿಪಿಎಲ್ ಮುಖ್ಯರಸ್ತೆಯಲ್ಲಿ ಸಂಜೆ ಹೊತ್ತು ವಾಹನಗಳು ನಿಂತಲ್ಲೇ ನಿಂತಿವೆ ಎಂದರೆ ಆಫೀಸು ಬಿಟ್ಟಿರಬೇಕು, ಮಳೆ ಹೊಡೆದಿರಬೇಕು, ಇಲ್ಲವೇ ಯಾವುದೋ ಮದುವೆಯ ಬಾರಾತ್ ಹೊರಟಿರಬೇಕು. ಉತ್ತರದಿಂದ ಬಂದು ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ನೆಲೆಸಿದವರ ಮನೆ ಮದುವೆಗೆ ಬಿಳಿ ಕುದುರೆ ಬೇಕೇ ಬೇಕು. ನೋಡಿ ನೋಡಿ ನಮ್ಮವರಿಗೂ ಆಸೆ ಹುಟ್ಟಿದೆ. ಬೆನ್ನ ಮೇಲೆ ಜರಿ ಹೊದಿಕೆ, ಹಣೆಗೆ ಮಣಿ, ಮುಂದೆ ಬ್ಯಾಂಡು, ಹಿಂದೆ ಹೊಗೆಯುಗುಳುವ ಜನರೇಟರ್ ಗಾಡಿ. ಹೊದಿಕೆ ಮೊಣಕಾಲಿನವರೆಗೂ ಇಳಿದಿರುತ್ತದೆ. ಅಂದಕ್ಕೆಂದು ಹಾಕಿದ್ದೇ ಆದರೂ, ಪಕ್ಕೆಲುಬು ಮುಚ್ಚುವುದಕ್ಕೂ ಅದು ಚೆನ್ನಾಗಿ ಒದಗಿಬರುತ್ತದೆ.

ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದಲ್ಲಿ ದೇವರು ಏಳುವವರೆಗೆ ಉತ್ತರದವರ ಪಂಚಾಂಗದಲ್ಲಿ ಮದುವೆ ಮುಹೂರ್ತವಿಲ್ಲ. ಹತ್ತಿರ ಹತ್ತಿರ ನಾಲ್ಕು ತಿಂಗಳು ಕುದುರೆಗೆ ಕೆಲಸವಿಲ್ಲ, ಸಾಕಿದವನಿಗೆ ಸಂಪಾದನೆಯಿಲ್ಲ. ಹೊಟ್ಟೆಗೆ ಮಾತ್ರ ಚಾತುರ್ಮಾಸ್ಯದ ರಜೆ ಇಲ್ಲವಲ್ಲ. ನಾನೂರು ಕಿಲೊ ತೂಗುವ ಕುದುರೆಗೆ ದಿನಕ್ಕೆ ಆರರಿಂದ ಎಂಟು ಕಿಲೊ ಒಣಮೇವು ಬೇಕು, ಇಪ್ಪತ್ತೈದು ಮೂವತ್ತು ಲೀಟರ್ ನೀರು ಬೇಕು. ಬಿಟ್ಟರೆ ದಿನದ ಹದಿನಾರು ಗಂಟೆ ಮೇಯುವ ಪ್ರಾಣಿ ಅದು. ಬಾಡಿಗೆಗೆ ಕುದುರೆ ಕೊಡುವವರೆಲ್ಲ ಕಟುಕರೇನಲ್ಲ. ಮನೆಯಲ್ಲೇ ಅಕ್ಕಿ ಮುಗಿದವನು ಹುರುಳಿ ಎಲ್ಲಿಂದ ತಂದಾನು? ಹಗ್ಗ ಬಿಚ್ಚಿ ಬೀದಿಗೆ ಬಿಡುತ್ತಾನೆ. ಖಾಲಿ ಸೈಟಿನ ಪಾರ್ಥೇನಿಯಂ ನಡುವೆ ಕುದುರೆ ಹುಲ್ಲು ಹುಡುಕುತ್ತದೆ, ಸಿಗದಿದ್ದರೆ ಕಸದ ರಾಶಿಗೆ ಬಾಯಿ ಹಾಕುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಪ್ಲಾಸ್ಟಿಕ್ ಚೀಲ ನುಂಗಿದರೆ ಅದು ಕರುಳಿನಲ್ಲೇ ಸಿಕ್ಕಿಕೊಂಡು ಹೊಟ್ಟೆಶೂಲೆಗೆ ದಾರಿಯಾಗುತ್ತದೆ.

ಇಂಥ ಕುದುರೆಗಳನ್ನು ಎತ್ತಿ ತಂದು ಬದುಕಿಸುವ ಕೆಲಸ ಬೆಂಗಳೂರಿನಲ್ಲಿ ಸದ್ದಿಲ್ಲದೆ ನಡೆದಿದೆ. ಅದನ್ನು ಮಾಡುತ್ತ ಬಂದ ಸಂಸ್ಥೆಗಳಲ್ಲಿ ಮುಖ್ಯವಾದದ್ದು ಕ್ಯೂಪಾ, ಅಂದರೆ ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆಕ್ಷನ್. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಅವರ ಆಶ್ರಯಧಾಮವಿದೆ. ಬನ್ನೇರುಘಟ್ಟದಲ್ಲಿ ಕಾಡುಪ್ರಾಣಿಗಳ ಆರೈಕೆ ಕೇಂದ್ರ ಕಟ್ಟಿದವರೂ ಇವರೇ. ದೊಡ್ಡ ಪ್ರಾಣಿಗಳಿಗೆಂದು ಪ್ರತ್ಯೇಕ ಜಾಗವೂ ಇದೆ. ಬೆಂಗಳೂರಿನ ಜನಕ್ಕೆ ಕ್ಯೂಪಾ ಎಂದರೆ ಬೀದಿನಾಯಿಗಳ ಸಂಸ್ಥೆ. ಅದನ್ನು ಕಟ್ಟಿದ ಹೆಂಗಸಿನ ಬದುಕು ತಿರುಗಿದ್ದು ಮಾತ್ರ ಒಂದು ಕುದುರೆಯಿಂದ. ಅವರ ಕಥೆ ಹೇಳಲೆಂದೇ ನಾನು ಈ ಲೇಖನಕ್ಕೆ ಕೂತದ್ದು.

ಕ್ರಿಸ್ಟಲ್ ರೋಜರ್ಸ್ ಹುಟ್ಟಿದ್ದು 1906ರಲ್ಲಿ, ಇಂಗ್ಲಿಷ್ ಮನೆತನದಲ್ಲಿ. 1959ರಲ್ಲಿ ಭಾರತಕ್ಕೆ ಬಂದಾಗ ವಯಸ್ಸು ಐವತ್ತು ದಾಟಿತ್ತು. ಇಲ್ಲಿ ನಿಲ್ಲುವ ಯೋಚನೆಯೇ ಇರಲಿಲ್ಲ. ನ್ಯೂಜಿಲೆಂಡಿಗೆ ಹೋಗಿ ನೆಲೆಸುವುದೆಂದು ಹೊರಟವರು, ನಡುವೆ ದೆಹಲಿ ನೋಡಿಕೊಂಡು ಹೋಗೋಣ ಎಂದು ಇಳಿದಿದ್ದರು. ಅಲ್ಲಿ ರಸ್ತೆ ಬದಿಯಲ್ಲಿ ಒಂದು ಕುದುರೆ ಬಿದ್ದಿತ್ತು. ಗಾಯಗೊಂಡಿತ್ತು, ಏಳಲಾಗುತ್ತಿರಲಿಲ್ಲ, ಆದರೆ ಜೀವ ಹೋಗಿರಲಿಲ್ಲ. ಕಾಗೆಗಳು ಅದರ ಕಣ್ಣು ಕುಕ್ಕಿ ತೆಗೆದಿದ್ದವು. ಜನ ತಮ್ಮ ಪಾಡಿಗೆ ಓಡಾಡಿಕೊಂಡಿದ್ದರು. ಆಕೆ ಮುಂದಿನ ಪಯಣ ರದ್ದು ಮಾಡಿದರು. ನ್ಯೂಜಿಲೆಂಡ್ ಅಲ್ಲಿಗೆ ಮುಗಿಯಿತು.

ದಾರಿಹೋಕ ವಿದೇಶಿಯರಿಗೆ ನಮ್ಮ ಬೀದಿಗಳನ್ನು ಕಂಡು ಮರುಕ ಬರುವುದು ಹೊಸದಲ್ಲ. ಊರಿಗೆ ಮರಳಿ ಒಂದು ಪತ್ರ ಬರೆದು, ಒಂದಿಷ್ಟು ಹಣ ಕಳಿಸಿ ಸುಮ್ಮನಾಗುವವರೇ ಹೆಚ್ಚು. ಈಕೆ ಉಳಿದುಕೊಂಡರು. ದೆಹಲಿಯಲ್ಲಿ ‘ದಿ ಅನಿಮಲ್ಸ್ ಫ್ರೆಂಡ್’ ಎಂಬ ಆಶ್ರಯ ಕಟ್ಟಿದರು. ಅದು ಒಂದು ಹಂತಕ್ಕೆ ಬಂದ ಮೇಲೆ ಜೈಪುರಕ್ಕೆ ಹೋಗಿ 1980ರಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಶುರು ಮಾಡಿದರು. ಅದು ಇಂದಿಗೂ ರಾಜಸ್ಥಾನದ ಒಂಟೆ, ಕುದುರೆ, ಕತ್ತೆಗಳಿಗೆ ಔಷಧ ಕೊಡುತ್ತಿದೆ. ಆಕೆ ಅಲ್ಲಿಯೂ ಕೂರಲಿಲ್ಲ. ಮೊಮ್ಮಕ್ಕಳ ಮನೆಯಲ್ಲಿ ಬಿಸಿಲು ಕಾಯಿಸಿಕೊಂಡಿರಬೇಕಾದ ಎಂಬತ್ತೈದರ ವಯಸ್ಸಿನಲ್ಲಿ, 1991ರಲ್ಲಿ, ಬೆಂಗಳೂರಿನಲ್ಲಿ ಕ್ಯೂಪಾ ಆರಂಭಿಸಿದರು. ಎಂಬತ್ತೈದಕ್ಕೆ ಹೊಸ ಸಂಸ್ಥೆ! ನಮ್ಮಲ್ಲಿ ಅರವತ್ತಕ್ಕೆ ಬೀಳ್ಕೊಡುಗೆ ಶಾಲು ಹೊದ್ದು ಮಲಗುವವರು ಇದನ್ನು ಒಂದು ನಿಮಿಷ ಯೋಚಿಸಬೇಕು. ಐದು ವರ್ಷ ಕಳೆದು, 1996ರಲ್ಲಿ ತೀರಿಕೊಂಡರು. ಅವರ ಆತ್ಮಕಥೆ ‘ಮ್ಯಾಡ್ ಡಾಗ್ಸ್ ಆ್ಯಂಡ್ ಆ್ಯನ್ ಇಂಗ್ಲಿಷ್‌ವುಮನ್’ ಹೊರಬಂದದ್ದು ಆಮೇಲೆ. ಸಂಸ್ಥೆಯನ್ನು ಮುಂದೆ ಬೆಳೆಸಿದ ಸುಪರ್ಣಾ ಗಂಗೂಲಿ ಅವರಿಗೆ ಕೇಂದ್ರ ಸರ್ಕಾರದ ನಾರಿ ಶಕ್ತಿ ಪುರಸ್ಕಾರ ಬಂದಿದೆ.

ರೋಜರ್ಸ್ ಅವರಿಗಿಂತ ಮೊದಲೇ ಇನ್ನೊಬ್ಬ ಇಂಗ್ಲಿಷ್ ಹೆಂಗಸು ಇದೇ ದಾರಿ ತುಳಿದಿದ್ದರು. 1930ರಲ್ಲಿ ಸೇನಾಧಿಕಾರಿ ಗಂಡನ ಜೊತೆ ಕೈರೋಗೆ ಹೋದ ಡೊರೊಥಿ ಬ್ರೂಕ್, ಮೊದಲ ಮಹಾಯುದ್ಧದಲ್ಲಿ ದುಡಿದ ಬ್ರಿಟಿಷ್ ಸೇನೆಯ ಕುದುರೆಗಳು ಅಲ್ಲಿ ಮೂಳೆಚಕ್ಕಳವಾಗಿ ಗಾಡಿ ಎಳೆಯುತ್ತಿದ್ದುದನ್ನು ಕಂಡರು. ಪತ್ರಿಕೆಗೆ ಪತ್ರ ಬರೆದು ಹಣ ಕೂಡಿಸಿ, ಅಂಥ ಐದು ಸಾವಿರ ಕುದುರೆಗಳನ್ನು ಕೊಂಡರು. ಬಹುಪಾಲು ಉಳಿಯುವ ಸ್ಥಿತಿಯಲ್ಲೇ ಇರಲಿಲ್ಲ. ಹೊಟ್ಟೆ ತುಂಬ ಮೇವು ಕೊಟ್ಟು, ಮೆತ್ತನೆ ಹುಲ್ಲಿನ ಮೇಲೆ ಮಲಗಿಸಿ, ನೋವಿಲ್ಲದ ಸಾವು ಕೊಟ್ಟರು. ರಕ್ಷಣೆ ಎಂದರೆ ಯಾವಾಗಲೂ ಬದುಕಿಸುವುದೇ ಎಂದು ತಿಳಿದವರಿಗೆ ಇದು ಒಗ್ಗದು. ಕುದುರೆ ವೈದ್ಯರು ಮಾತ್ರ ಇದನ್ನು ಒಪ್ಪುತ್ತಾರೆ. ಬ್ರೂಕ್ 1934ರಲ್ಲಿ ಕೈರೋದಲ್ಲಿ ತೆರೆದ ಆಸ್ಪತ್ರೆಯಿಂದ ಬೆಳೆದ ಸಂಸ್ಥೆಯ ಶಾಖೆ ಭಾರತದಲ್ಲೂ ಇದೆ, ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುದುರೆ, ಕತ್ತೆಗಳ ನಡುವೆ ಕೆಲಸ ಮಾಡುತ್ತದೆ.

ಇನ್ನು ಬದುಕುವ ಕುದುರೆಯ ವಿಷಯ. ಬಡಕಲು ಎಂದು ಕಣ್ಣಿಗೆ ಕಂಡರೆ ಸಾಲದು, ಕೈಯಿಟ್ಟು ನೋಡಬೇಕು. ಉದ್ದ ಕೂದಲು ಮೋಸ ಮಾಡುತ್ತದೆ, ಹುಳ ತುಂಬಿ ಉಬ್ಬಿದ ಹೊಟ್ಟೆ ಇನ್ನೂ ಮೋಸ ಮಾಡುತ್ತದೆ. ಕತ್ತು, ಹೆಗಲ ದಿಣ್ಣೆ, ಭುಜದ ಹಿಂಭಾಗ, ಪಕ್ಕೆ, ಸೊಂಟ, ಬಾಲದ ಬುಡ: ಈ ಆರು ಕಡೆ ಅಂಗೈ ಒತ್ತಿ ಸರಿಸುತ್ತಾರೆ. ಅಮೆರಿಕದ ಡಾನ್ ಹೆನ್ನೆಕೆ 1983ರಲ್ಲಿ ರೂಪಿಸಿದ ಅಳತೆಯಲ್ಲಿ ಇದಕ್ಕೆ 1ರಿಂದ 9ರವರೆಗೆ ಅಂಕ. 5 ಎಂದರೆ ಹದ. ಪಕ್ಕೆಲುಬು ಕಾಣದೆ, ಕೈಗೆ ಮಾತ್ರ ಸಿಗಬೇಕು. 1 ಎಂದರೆ ಕೈ ಹಾದಲ್ಲೆಲ್ಲ ಮೂಳೆಯೇ. ಬೆನ್ನುಮೂಳೆ ಏಣಿನಂತೆ ಎದ್ದಿರುತ್ತದೆ, ಬಾಲದ ಎರಡೂ ಬದಿ ಗುಳಿ ಬಿದ್ದಿರುತ್ತದೆ, ಕೊಬ್ಬೆಲ್ಲ ಕರಗಿ ದೇಹ ತನ್ನ ಮಾಂಸವನ್ನೇ ಉರಿಸಿಕೊಳ್ಳತೊಡಗಿರುತ್ತದೆ.

ಹಸಿದ ಇಂಥ ಜೀವ ಕಂಡೊಡನೆ ನಮ್ಮ ಕೈ ಬೆಲ್ಲಕ್ಕೆ, ಬ್ರೆಡ್ಡಿಗೆ, ಬೇಯಿಸಿದ ಹುರುಳಿಗೆ ಹೋಗುತ್ತದೆ. ಆ ಕರುಣೆಯೇ ಕುದುರೆಯನ್ನು ಕೊಲ್ಲಬಹುದು. ವಾರಗಟ್ಟಲೆ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಪಿಷ್ಟ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಷ್ಟಿಷ್ಟು ಉಳಿದಿದ್ದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶಗಳ ಒಳಗೆ ಸೆಳೆದುಹೋಗುತ್ತವೆ. ಹೃದಯ ತಾಳ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಊಟ ಸಿಕ್ಕ ಮೊದಲ ದಿನ ಚೆನ್ನಾಗಿಯೇ ಇದ್ದ ಕುದುರೆ ಮೂರನೆಯ, ಐದನೆಯ ದಿನಕ್ಕೆ ಕುಸಿಯುತ್ತದೆ. ತಂದವರಿಗೆ ಕಾರಣವೇ ಹೊಳೆಯುವುದಿಲ್ಲ. ಹೊಟ್ಟೆ ತುಂಬ ತಿಂದಿತ್ತಲ್ಲ ಎಂದು ಕೊರಗುತ್ತಾರೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯ ಕೆರೊಲಿನ್ ಸ್ಟಲ್ ಮತ್ತು ಸಂಗಡಿಗರು ಹಸಿವಿನಿಂದ ಸೊರಗಿದ ಕುದುರೆಗಳಿಗೆ ಬೇರೆ ಬೇರೆ ಮೇವು ಹಾಕಿ ನೋಡಿದರು. ಗೆದ್ದದ್ದು ಲೂಸರ್ನ್, ನಮ್ಮ ಕುದುರೆಮೆಂತ್ಯ. ಪಿಷ್ಟ ಕಡಿಮೆ, ಸಸಾರಜನಕ ಹೆಚ್ಚು, ಮೆಗ್ನೀಸಿಯಂ ಚೆನ್ನಾಗಿದೆ. ಅವರ ಪಟ್ಟಿಯ ಪ್ರಕಾರ ಮೊದಲ ಮೂರು ದಿನ ಒಣಗಿಸಿದ ಸೊಪ್ಪು ಅರ್ಧ ಕಿಲೊದಷ್ಟು, ನಾಲ್ಕು ಗಂಟೆಗೊಮ್ಮೆ. ಹಗಲಿಗೂ ಅಷ್ಟೇ, ರಾತ್ರಿಗೂ ಅಷ್ಟೇ. ಆಮೇಲೆ ನಿಧಾನ ಪ್ರಮಾಣ ಏರಿಸಿ, ಹೊತ್ತು ಇಳಿಸಿ, ಆರನೆಯ ದಿನಕ್ಕೆ ಎಂಟು ಗಂಟೆಗೊಮ್ಮೆ ಎರಡು ಕಿಲೊ ಹತ್ತಿರ. ಹತ್ತು ದಿನ ದಾಟಿದ ಮೇಲೆ ತಿಂದಷ್ಟು. ಕಾಳಿನ ಮಾತು ಇನ್ನೂ ಆಚೆಗೆ.

ಬರೆದಷ್ಟು ಸುಲಭವಲ್ಲ ಇದು. ಅರ್ಧ ಕಿಲೊ ಒಣಸೊಪ್ಪು ಎಂದರೆ ಎರಡು ತೋಳಿನ ನಡುವೆ ಸಲೀಸಾಗಿ ಕೂರುವಷ್ಟು. ಕುದುರೆ ಅದನ್ನು ಕ್ಷಣದಲ್ಲಿ ಮುಗಿಸುತ್ತದೆ. ಬಾಂಡ್ಲಿಯ ತಳ ನೆಕ್ಕುತ್ತದೆ, ನೆಲದ ಮೇಲೆ ಬಿದ್ದ ಪುಡಿಯನ್ನು ತುಟಿಯಿಂದ ಗುಡಿಸುತ್ತದೆ, ಆಮೇಲೆ ಮುಂಗಾಲಿನಿಂದ ನೆಲ ಕೆರೆಯುತ್ತ ಹಾಕಿದವನ ಮುಖವನ್ನೇ ನೋಡುತ್ತದೆ. ಪಕ್ಕದಲ್ಲೇ ಸೊಪ್ಪಿನ ಹೊರೆ ಇದೆ. ಕೊಡಬಾರದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮತ್ತೆ ಅಷ್ಟೇ ತೂಗಿ ಹಾಕಬೇಕು. ಕುದುರೆ ಸಾಕಿ ಬೆಳೆದ ಸೈಸ್‌ಗಳಿಗೂ ಇದು ಕಷ್ಟ, ಏಕೆಂದರೆ ಅವರ ಕಸುಬಿನಲ್ಲಿ ಹೊಟ್ಟೆ ತುಂಬಿಸುವುದೇ ಪ್ರೀತಿ.

ಹಲ್ಲಿನದು ಬೇರೆಯೇ ಪಾಡು. ಕುದುರೆಯ ಹಲ್ಲು ಬದುಕಿನುದ್ದಕ್ಕೂ ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಂತೆ ಹೊರಬರುತ್ತಲೇ ಇರುತ್ತದೆ. ಅಂಚು ಚೂಪಾಗಿ ಕೆನ್ನೆ ಕೊಯ್ದರೆ ಅಗಿಯಲಾಗದು. ಅರ್ಧ ಅಗಿದ ಹುಲ್ಲಿನ ಉಂಡೆ ಬಾಯಿಂದ ಜಾರಿ ಕೆಳಗೆ ಬೀಳುತ್ತಿದ್ದರೆ ಮೇವಿನ ಕೊರತೆಯಲ್ಲ, ಹಲ್ಲು ಅರ ಹಾಕಿಸಬೇಕು ಎಂದರ್ಥ. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆರೆಂಟು ವಾರಕ್ಕೊಮ್ಮೆ ಹೆರೆಯಬೇಕು. ಹುಳಕ್ಕೆ ಔಷಧ ವೈದ್ಯರು ಹೇಳಿದಾಗಲೇ. ಎಲ್ಲ ಸರಿಯಾದರೆ ಮೈ ತುಂಬಲು ಮೂರರಿಂದ ಐದು ತಿಂಗಳು. ಅರ್ಧದಷ್ಟು ತೂಕ ಕಳೆದುಕೊಂಡದ್ದು, ಮೂರು ದಿನಕ್ಕೂ ಹೆಚ್ಚು ನೆಲಕ್ಕೆ ಬಿದ್ದಿದ್ದದ್ದು ಉಳಿಯುವುದು ಅಪರೂಪ.

ಈ ಊರಿಗೆ ಕುದುರೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಜಟಕಾ ಸ್ಟ್ಯಾಂಡುಗಳಿದ್ದವು, ಲಾಳ ಕಟ್ಟುವವರಿದ್ದರು, ನೀರು ಕುಡಿಸಲು ರಸ್ತೆ ಬದಿಯಲ್ಲಿ ಕಲ್ಲಿನ ತೊಟ್ಟಿಗಳಿದ್ದವು. ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ಕುಣಿಗಲ್ ಸ್ಟಡ್ ಫಾರ್ಮ್ ನಮ್ಮದೇ. ರೇಸಿನ ಕುದುರೆ ಆರೆಂಟು ವರ್ಷಕ್ಕೆ ಓಟ ಮುಗಿಸುತ್ತದೆ, ಆಯಸ್ಸು ಮಾತ್ರ ಇಪ್ಪತ್ತೈದು ಮೂವತ್ತು. ನಡುವಿನ ವರ್ಷಗಳಲ್ಲಿ ಅದೃಷ್ಟವಿದ್ದರೆ ಸವಾರಿ ಶಾಲೆ, ಇಲ್ಲದಿದ್ದರೆ ಮದುವೆ, ಆಮೇಲೆ ಗಾಡಿ, ಕೊನೆಗೆ ಬೀದಿ. 2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳ ಸಂಖ್ಯೆ 3.4 ಲಕ್ಷಕ್ಕೆ ಇಳಿದಿತ್ತು. ಅದರ ಹಿಂದಿನ 2012ರ ಗಣತಿಗಿಂತ ಶೇ 45ರಷ್ಟು ಕಡಿಮೆ. ಕುದುರೆ ಕಡಿಮೆಯಾದಂತೆ ಕುದುರೆ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಲಾಳದವನನ್ನು ಹುಡುಕಿ ಕರೆತರುವುದೇ ಈಗ ಒಂದು ಕೆಲಸ.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಸಾಕಿದ ಪ್ರಾಣಿಗೆ ಮೇವು, ನೀರು, ನೆರಳು ಕೊಡದಿರುವುದು ಅಪರಾಧ, ಹಸಿವಿಗೆ ಬಿಟ್ಟು ಕೈತೊಳೆದುಕೊಳ್ಳುವುದೂ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಬ್ರೂಕ್‌ಫೀಲ್ಡ್‌ನ ಯಾವ ಕೆಫೆಯಲ್ಲಾದರೂ ಐವತ್ತು ರೂಪಾಯಿಗೆ ಒಂದು ಕಾಫಿ ಸಿಕ್ಕರೆ ಹೇಳಿ. ದಂಡ ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2022ರ ನವೆಂಬರಿನಲ್ಲಿ ಜನರ ಮುಂದಿಟ್ಟಿತ್ತು.

ಬಾರಾತ್ ಕುದುರೆಯನ್ನೇ ನಿಷೇಧಿಸಿ ಎಂಬ ಕೂಗಿಗೆ ದನಿಗೂಡಿಸಲು ನನಗೆ ಮನಸ್ಸು ಬಾರದು. ಮುಂಬೈಯ ವಿಕ್ಟೋರಿಯಾ ಸಾರೋಟುಗಳು ಅಕ್ರಮವೆಂದು 2015ರಲ್ಲಿ ಬಾಂಬೆ ಹೈಕೋರ್ಟ್ ಹೇಳಿದಾಗ, ನಡೆಸುವವರಿಗೆ ಮರುವಸತಿ ಯೋಜನೆ ಮಾಡಿ ಎಂದೂ ಹೇಳಿತ್ತು. ಅಲ್ಲಿನ ತಿಳಿವಳಿಕೆ ಅದೇ. ಮಾಲೀಕನ ಹೊಟ್ಟೆ ಮರೆತು ಕುದುರೆಯ ಹೊಟ್ಟೆ ತುಂಬಿಸಲಾಗದು. ಮುಹೂರ್ತವಿಲ್ಲದ ತಿಂಗಳುಗಳಿಗೆ ಮೇವಿನ ಬ್ಯಾಂಕ್, ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ, ಹಲ್ಲಿಗೂ ಲಾಳಕ್ಕೂ ಸಂಚಾರಿ ಘಟಕ ಇದ್ದರೆ ಅರ್ಧ ಕುದುರೆಗಳು ಆಶ್ರಯಧಾಮದ ಬಾಗಿಲಿಗೆ ಬರುವುದೇ ಇಲ್ಲ. ಗೋಶಾಲೆಗೆ ಸರ್ಕಾರದ ಅನುದಾನವಿದೆ, ನಾಯಿಗೆ ಅಪಾರ್ಟ್‌ಮೆಂಟಿನ ಪ್ರೀತಿಯಿದೆ. ಕುದುರೆಗೆ ಎರಡೂ ಇಲ್ಲ. ಅದಕ್ಕೆ ಬೇಕಾದದ್ದು ಅಡಿ ಲೆಕ್ಕದ ಜಾಗವಲ್ಲ, ಎಕರೆ ಲೆಕ್ಕದ್ದು. ಬೆಂಗಳೂರಿನಲ್ಲಿ ಅಷ್ಟು ನೆಲವನ್ನು ಹುಲ್ಲಿಗೆ ಬಿಡುವವರು ಯಾರು?

ಮುಂದಿನ ಆಷಾಢದಲ್ಲಿ ನಿಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಮೂಳೆ ಬಿಟ್ಟ ಕುದುರೆಯೊಂದು ಕಂಡರೆ ಬೆಲ್ಲ, ಅನ್ನ, ಬ್ರೆಡ್ಡು ಹಾಕಬೇಡಿ. ಒಂದು ಬಕೆಟ್ ನೀರಿಡಿ. ಫೋಟೊ ತೆಗೆದುಕೊಳ್ಳಿ, ಬಿದ್ದಿದ್ದರೆ ಎಷ್ಟು ಹೊತ್ತಿನಿಂದ ಬಿದ್ದಿದೆ ಎಂದು ಸುತ್ತಲಿನವರನ್ನು ಕೇಳಿಡಿ, ವೈದ್ಯರಿಗೆ ಅದು ಮುಖ್ಯ. ರಾಜ್ಯ ಸರ್ಕಾರದ ಪಶು ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ 1962. ಹಿಂಸೆ ಕಣ್ಣೆದುರೇ ನಡೆಯುತ್ತಿದ್ದರೆ 112. ನಿಮ್ಮ ಮನೆಯ ಮದುವೆಗೇ ಕುದುರೆ ತರಿಸುವುದಾದರೆ, ಮುಂಗಡ ಕೊಡುವ ಮೊದಲು ಆ ಜರಿ ಹೊದಿಕೆ ಎತ್ತಿ ಪಕ್ಕೆಯ ಮೇಲೆ ಒಮ್ಮೆ ಕೈಯಿಟ್ಟು ನೋಡಿ.