ದೇವರ ಪೆಟ್ಟಿಗೆಯಲ್ಲಿ ಕಡಲಚಿಪ್ಪು

ಜಗಳೂರು ತಾಲ್ಲೂಕಿನ ಸೊಕ್ಕೆಯ ಸುತ್ತ ಎಷ್ಟು ಆಳಕ್ಕೆ ಬಾವಿ ತೋಡಿದರೂ ಕಲ್ಲಾದ ಕಡಲಚಿಪ್ಪು ಸಿಗದು. ಆ ಸೀಮೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಗಟ್ಟಿ ಚಿಪ್ಪಿನ ಪ್ರಾಣಿಗಳು ಭೂಮಿಯಲ್ಲಿ ಹೆಚ್ಚಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅದಕ್ಕೂ ಮುನ್ನ ಈ ನಾಡಿನಲ್ಲಿ ಕಡಲು ಇರಲಿಲ್ಲವೆಂದಲ್ಲ. ಶಿವಮೊಗ್ಗ ಜಿಲ್ಲೆಯ ಕುಂಸಿ ಬಳಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಗುರುತುಗಳಿವೆ. ಚಿಪ್ಪು ಕಟ್ಟುವ ಜೀವಿ ಮಾತ್ರ ಆಗಿನ್ನೂ ಹುಟ್ಟಿರಲಿಲ್ಲ.

ಆದರೂ ಕಡಲಚಿಪ್ಪಿನ ಪಳೆಯುಳಿಕೆಯನ್ನು ಕನ್ನಡ ನಾಡಿನ ಅನೇಕರು ನಿತ್ಯ ಕೈಯಲ್ಲಿ ಹಿಡಿಯುತ್ತಾರೆ. ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮವೇ ಅದು. ನೇಪಾಳದ ಮುಕ್ತಿನಾಥದ ಕಡೆಯ ಗಂಡಕಿ ನದಿಯಿಂದ ಬರುವ ಈ ಕಪ್ಪು ಕಲ್ಲಿನಲ್ಲಿ ಕಾಣುವ ಚಕ್ರ, ಅಮೊನೈಟ್ ಎಂಬ ಪ್ರಾಣಿಯ ಸುರುಳಿ ಚಿಪ್ಪಿನ ಗುರುತು. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಯ ದೂರದ ಬಂಧುವಾದ ಇದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳ ಜೊತೆಗೇ ಅಳಿಯಿತು.

ಸಮುದ್ರದ ಪ್ರಾಣಿ ಹಿಮಾಲಯ ಏರಿದ್ದು ಹೇಗೆ? ಇಂದು ಹಿಮಾಲಯವಿರುವಲ್ಲಿ ಸುಮಾರು 15 ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಮುದ್ರವಿತ್ತು. ಸತ್ತ ಅಮೊನೈಟ್‌ಗಳು ಅದರ ತಳದ ಕೆಸರಿನಲ್ಲಿ ಹೂತವು. ಮುಂದೆ ಭಾರತದ ಭೂಭಾಗ ಏಷ್ಯಾಕ್ಕೆ ಒತ್ತಿದಾಗ ಆ ಕಡಲ ತಳವೇ ಮೇಲೆದ್ದು ಪರ್ವತವಾಯಿತು. ಈಗ ನದಿ ಆ ಪದರಗಳನ್ನು ಕೊರೆದು ಕಲ್ಲುಗಳನ್ನು ಹೊರತರುತ್ತಿದೆ.

ಈ ನಡುವೆ ಚಿಪ್ಪಿಗೆ ಏನಾಯಿತು? ಮಾಂಸ ಕೊಳೆಯುವಾಗ ಸುತ್ತಲಿನ ನೀರಿನ ಗುಣ ಬದಲಾಗಿ, ಅದರಲ್ಲಿ ಕರಗಿದ್ದ ಖನಿಜಗಳು ಚಿಪ್ಪಿನ ಸುತ್ತ ಗಟ್ಟಿಯಾಗಿ ಉಂಡೆ ಕಟ್ಟಿದವು. ಮೇಲಿನ ಕೆಸರಿನ ಭಾರಕ್ಕೆ ಚಿಪ್ಪು ಚಪ್ಪಟೆಯಾಗದೆ ಉಳಿದದ್ದು ಈ ಕವಚದಿಂದ. ಚಿಪ್ಪು ಅರಾಗೊನೈಟ್ ಎಂಬ ಬಗೆಯ ಸುಣ್ಣದ್ದು. ಅದು ಬಹುಕಾಲ ಬಾಳುವಂಥದ್ದಲ್ಲ. ಕೆಲವೆಡೆ ಅದು ಕ್ಯಾಲ್ಸೈಟ್ ಎಂಬ ಹೆಚ್ಚು ಸ್ಥಿರವಾದ ರೂಪಕ್ಕೆ ತಿರುಗುತ್ತದೆ. ಕೆಲವೆಡೆ ಪೂರ್ತಿ ಕರಗಿ, ಕಲ್ಲಿನಲ್ಲಿ ಪಡಿಯಚ್ಚು ಮಾತ್ರ ಉಳಿಯುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಯನ್ನು ನೆನೆಯಿರಿ: ಸಕ್ಕರೆ ಗೊಂಬೆ ತೆಗೆದ ಮೇಲೂ ಅದರ ಒಂದೊಂದು ಗೀರೂ ಮಣೆಯಲ್ಲಿರುತ್ತದೆ. ಹಾಗೆಯೇ ಚಕ್ರದ ಏಣುಗಳು ಇವೆ, ಚಿಪ್ಪು ಇಲ್ಲ.

ಕೆಲವು ಸಾಲಿಗ್ರಾಮಗಳಲ್ಲಿ ಹೊನ್ನಿನ ಗೆರೆಗಳಿರುತ್ತವೆ. ಅವನ್ನು ಹಿರಣ್ಯಗರ್ಭ ಎನ್ನುವುದುಂಟು. ಅದು ಚಿನ್ನವಲ್ಲ, ಪೈರೈಟ್. ಪ್ರಾಣವಾಯು ಇಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಹೊರಬಿಟ್ಟ ಗಂಧಕ ಕಬ್ಬಿಣದೊಡನೆ ಸೇರಿ ಆದದ್ದು.

ವಜ್ರಕೀಟವೆಂಬ ಹುಳು ಈ ಚಕ್ರಗಳನ್ನು ಕೊರೆಯಿತೆಂದು ಪುರಾಣದ ಕಥೆ. ಅತ್ತ ಯುರೋಪಿನವರು ಇದೇ ಸುರುಳಿಯಲ್ಲಿ ಈಜಿಪ್ಟಿನ ಅಮ್ಮೋನ್ ದೇವರ ಟಗರುಗೊಂಬನ್ನು ಕಂಡರು. ಅಮೊನೈಟ್ ಹೆಸರು ಬಂದದ್ದು ಅಲ್ಲಿಂದ. ಚಕ್ರ ಜೀವಿಯೊಂದರ ಕೆಲಸ ಎಂಬಲ್ಲಿ ಮಾತ್ರ ನಮ್ಮ ಪುರಾಣವೂ ವಿಜ್ಞಾನವೂ ಒಂದೇ ಮಾತು ಹೇಳುತ್ತವೆ.

ಪೂಜೆ ಮಾಡುವವರು ಒಂದು ಎಚ್ಚರ ವಹಿಸಬೇಕು. ತಾಮ್ರದ ಪಾತ್ರೆ ಬೆಳಗುವ ಹುಣಸೆಹುಳಿ, ನಿಂಬೆಹುಳಿ ಈ ಕಲ್ಲಿಗೆ ಸೋಕಬಾರದು. ಹುಳಿಗೆ ಸುಣ್ಣ ಕರಗುತ್ತದೆ. ಕೋಟ್ಯಂತರ ವರ್ಷ ಉಳಿದುಬಂದ ಗೆರೆಗಳು ನಮ್ಮ ಕೈಯಲ್ಲಿ ಸವೆಯಬಾರದು.