ಐತಿಹ್ಯ ಮತ್ತು ದಾಖಲೆ: ಜಾನ್ ಹೌಲೆಂಡನ ವಂಶಾವಳಿ

ಮನೆತನದ ಐತಿಹ್ಯವೊಂದನ್ನು ಹೇಳುತ್ತಿರುವಾಗ ದಾಖಲೆ ಇನ್ನೊಂದನ್ನು ಹೇಳಿದರೆ ವಂಶಾವಳಿಯ ಶೋಧಕನು ಯಾವುದನ್ನು ಆಶ್ರಯಿಸಬೇಕು? ಅಮೆರಿಕದ ಆದಿ ವಲಸೆಗಾರರಲ್ಲಿ ಒಬ್ಬನಾದ ಜಾನ್ ಹೌಲೆಂಡನ ಮನೆತನ ಈ ಪ್ರಶ್ನೆಗೆ ಒಳ್ಳೆಯ ನಿದರ್ಶನವಾಗಿದೆ.

1620ರಲ್ಲಿ ಇಂಗ್ಲೆಂಡಿನಿಂದ ‘ಮೇಫ್ಲವರ್’ ಹಡಗಿನಲ್ಲಿ ಹೊರಟ 102 ಪ್ರಯಾಣಿಕರಲ್ಲಿ ಹೌಲೆಂಡನೂ ಇದ್ದನು. ಅವನು ಪ್ಲಿಮತ್ ವಸಾಹತಿನ ಮೊದಲ ಗವರ್ನರನಾದ ಜಾನ್ ಕಾರ್ವರನ ಸೇವಕ. ಬಿರುಗಾಳಿಯಲ್ಲಿ ಸಮುದ್ರಕ್ಕೆ ಬಿದ್ದರೂ ನೀರಿಗೆ ಇಳಿಬಿದ್ದಿದ್ದ ಹಾಯಿಯ ಹಗ್ಗವನ್ನು ಹಿಡಿದು ಬದುಕಿಕೊಂಡನು. ಮೊದಲ ಚಳಿಗಾಲದಲ್ಲಿಯೇ ವಲಸೆಗಾರರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು. 1621ರಲ್ಲಿ ಕಾರ್ವರ್ ದಂಪತಿಗಳೂ ತೀರಿಕೊಂಡರು. ಹೌಲೆಂಡ್ ಉಳಿದು, ಎಲಿಜಬೆತ್ ಎಂಬವಳನ್ನು ವಿವಾಹವಾಗಿ, ಹತ್ತು ಮಕ್ಕಳ ತಂದೆಯಾದನು.

ಈ ಎಲಿಜಬೆತ್ ಯಾರ ಮಗಳು ಎಂಬಲ್ಲಿಯೇ ತೊಡಕು. ತಲೆಮಾರುಗಳಿಂದ ಬಂದ ಮಾತಿನ ಪ್ರಕಾರ ಅವಳು ಗವರ್ನರ್ ಕಾರ್ವರನ ಮಗಳು. 19ನೆಯ ಶತಮಾನದಲ್ಲಿ ಹೌಲೆಂಡನ ನೆನಪಿಗೆ ನಿಲ್ಲಿಸಿದ ಸಮಾಧಿಶಿಲೆಯೂ ಇದನ್ನೇ ಸಾರುತ್ತಿತ್ತು. ಒಡೆಯನ ಮಗಳನ್ನು ಸೇವಕನು ವರಿಸಿದ ಕಥೆ ಯಾವ ಮನೆತನಕ್ಕೆ ತಾನೆ ಅಪ್ರಿಯವಾದೀತು?

ಈ ನಂಬಿಕೆಯನ್ನು ಅಲುಗಿಸಿದ್ದು ಒಂದು ಹಸ್ತಪ್ರತಿ. ವಸಾಹತಿನ ಎರಡನೆಯ ಗವರ್ನರನಾದ ವಿಲಿಯಂ ಬ್ರಾಡ್‌ಫರ್ಡ್ ಅದರ ಇತಿಹಾಸವನ್ನು ಬರೆದು, ಕೊನೆಯಲ್ಲಿ ಬಂದವರ ಪಟ್ಟಿಯೊಂದನ್ನು ಸೇರಿಸಿದ್ದನು. ಬಾಸ್ಟನ್ನಿನ ಚರ್ಚೊಂದರ ಗ್ರಂಥಭಂಡಾರದಲ್ಲಿದ್ದ ಆ ಪ್ರತಿ ಸ್ವಾತಂತ್ರ್ಯ ಸಮರದ ಕಾಲಕ್ಕೆ ಕಣ್ಮರೆಯಾಗಿ, 1855ರಲ್ಲಿ ಲಂಡನ್ನಿನ ಬಿಷಪ್ಪರ ಫುಲ್ಹಾಮ್ ಅರಮನೆಯಲ್ಲಿ ಗುರುತಿಸಲ್ಪಟ್ಟು, ಮರುವರ್ಷ ಅಚ್ಚಾಯಿತು. ಮೂಲಪ್ರತಿ ಮ್ಯಾಸಚೂಸೆಟ್ಸ್‌ಗೆ ಮರಳಿದ್ದು 1897ರಲ್ಲಿ. ಯಾರ ಕುಟುಂಬದಲ್ಲಿ ಎಷ್ಟು ಜನ ಬಂದರು, ಯಾರು ಸತ್ತರು, ಸುಮಾರು 1650ರ ವೇಳೆಗೆ ಸಂತತಿ ಎಷ್ಟು ಬೆಳೆದಿತ್ತು ಎಂಬುದೆಲ್ಲ ಆ ಪಟ್ಟಿಯಲ್ಲಿದೆ. ಅದರಂತೆ ಎಲಿಜಬೆತ್ ಜಾನ್ ಟಿಲಿ ಎಂಬ ಸಹಪ್ರಯಾಣಿಕನ ಮಗಳು. ಅವಳ ತಂದೆತಾಯಿಗಳಿಬ್ಬರೂ ಬಂದ ಕೆಲವೇ ದಿನಗಳಲ್ಲಿ ಮಡಿದಿದ್ದರು. ದಂಪತಿಗಳನ್ನು ಕಣ್ಣಾರೆ ಬಲ್ಲವನ ಬರಹವಿದು. ಇದರ ಎದುರು ಎರಡು ಶತಮಾನಗಳ ಅನಂತರದ ಶಿಲೆ ನಿಲ್ಲಲಾರದು. ಕಲ್ಲಿನ ಮೇಲಿದ್ದ ಮಾತ್ರಕ್ಕೆ ಬರಹ ಸಮಕಾಲೀನವಾಗದೆಂಬುದನ್ನು ಶಾಸನಾಭ್ಯಾಸಿಗಳಿಗೆ ಹೇಳಬೇಕಾಗಿಲ್ಲ.

ಮುಂದಿನ ತಲೆಮಾರುಗಳ ಶೋಧಕ್ಕೆ ಉಯಿಲುಗಳೇ ಮುಖ್ಯ ಆಕರ. ಮದುವೆಯೊಡನೆ ಹೆಣ್ಣುಮಕ್ಕಳ ಕುಲನಾಮ ಬದಲಾಗುವುದರಿಂದ ವಂಶದ ಎಳೆ ಅಲ್ಲಿಯೇ ಕಡಿದುಹೋಗುವುದುಂಟು. ಹೌಲೆಂಡನ ಉಯಿಲಿನಲ್ಲಿ ಡಿಸೈರ್ ಗೋರಂ, ಹೋಪ್ ಚಿಪ್‌ಮನ್ ಎಂದು ಗಂಡನ ಮನೆಯ ಹೆಸರಿನೊಡನೆ ಮಗಳಂದಿರ ಉಲ್ಲೇಖವಿರುವುದರಿಂದ ಆ ಶಾಖೆಗಳು ಉಳಿದುಬಂದಿವೆ. ಇಲ್ಲಿ ಕಾಲಗಣನೆಯ ಒಂದು ಸಿಕ್ಕೂ ಇದೆ. ಉಯಿಲು ಬರೆದದ್ದು 1672ರ ಮೇ ತಿಂಗಳಲ್ಲಿ. ಹಳೆಯ ಲೆಕ್ಕದಂತೆ ಅವನು ತೀರಿಕೊಂಡದ್ದು 1672ರ ಫೆಬ್ರುವರಿ 23ರಂದು! 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ವರ್ಷಾರಂಭ ಮಾರ್ಚ್ 25ಕ್ಕೆ ಆಗುತ್ತಿದ್ದುದರಿಂದ ಆ ಫೆಬ್ರುವರಿ ನಮ್ಮ ಎಣಿಕೆಗೆ 1673ರದು. ಇದನ್ನರಿಯದೆ ಪ್ರತಿಮಾಡಿದ ವಂಶಾವಳಿಗಳಲ್ಲಿ ಸತ್ತವರು ಉಯಿಲು ಬರೆಯುವ ಪ್ರಸಂಗಗಳು ಬಾರದಿರವು.

ಎಲಿಜಬೆತ್ತಳ ಹುಟ್ಟೂರು ಗೊತ್ತಾದದ್ದು ಬಹಳ ತಡವಾಗಿ. ಬೆಡ್‌ಫರ್ಡ್‌ಷೈರಿನ ಹೆನ್ಲೋ ಗ್ರಾಮದ ಚರ್ಚಿನ ದಾಖಲೆಯಲ್ಲಿ ಅವಳ ದೀಕ್ಷಾಸ್ನಾನ 1607ರ ಆಗಸ್ಟ್ ತಿಂಗಳಲ್ಲಿ ನಡೆದಂತೆ ಬರೆದಿದೆ. ಹಡಗು ಹತ್ತಿದಾಗ ಅವಳಿಗೆ ಹದಿಮೂರು ವರ್ಷ.